ಕಲ್ಲಿನೊಳಗೆ ನಡೆಯುವ ಲಿಥಿಯಂ

ಬ್ಯಾಟರಿ ಗಾಡಿ ಕೊಳ್ಳಲು ಹೋದವರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು. ಒಮ್ಮೆ ಚಾರ್ಜಿಗೆ ಹಚ್ಚಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ, ಪೂರ್ತಿ ತುಂಬಲು ಎಷ್ಟು ಹೊತ್ತು ಬೇಕು, ಎಷ್ಟು ವರ್ಷ ಬಾಳಿಕೆ ಬರುತ್ತದೆ. ಅದರೊಳಗಿನ ದ್ರವ ಎಂಥದು ಎಂದು ಯಾರೂ ಕೇಳುವುದಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಂತೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಬ್ಯಾಟರಿಯ ದ್ರವದಲ್ಲಿ ಬಳಸುವ ಡೈಮೀಥೈಲ್ ಕಾರ್ಬೊನೇಟ್ ಎಂಬ ದ್ರಾವಕ ಸುಮಾರು 17 ಡಿಗ್ರಿಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅದರ ಜೊತೆಗಾರ ಡೈಈಥೈಲ್ ಕಾರ್ಬೊನೇಟಿನ ಮಿತಿ 25ರಿಂದ 30 ಡಿಗ್ರಿಯ ಆಸುಪಾಸು. ಸೇಡಂ ಬಸ್ ನಿಲ್ದಾಣದ ನೆರಳಿನಲ್ಲಿ ನಿಲ್ಲಿಸಿದ ಸ್ಕೂಟರಿನೊಳಗೆ, ವರ್ಷದ ಬಹುಪಾಲು ಹಗಲು, ಈ ದ್ರವ ತನ್ನ ಹೊತ್ತುವ ಮಿತಿಯನ್ನು ದಾಟಿಯೇ ಇರುತ್ತದೆ.

ಬ್ಯಾಟರಿಯ ಕೋಶದ ಮುಚ್ಚಳ ಗಟ್ಟಿಯಾಗಿರುವವರೆಗೆ ಇದರಿಂದ ತೊಂದರೆಯಿಲ್ಲ. ಒಳಗೆ ಗಾಳಿಯೂ ಇಲ್ಲ, ಕಿಡಿಯೂ ಇಲ್ಲ. ಕೋಶಕ್ಕೆ ಪೆಟ್ಟಾದಾಗ, ತಪ್ಪು ಚಾರ್ಜರ್ ಹಚ್ಚಿದಾಗ, ಅಥವಾ ಕಾರ್ಖಾನೆಯಲ್ಲೇ ಒಂದು ಲೋಹದ ಕಣ ಒಳಸೇರಿದ್ದಾಗ ಕಥೆ ಬೇರೆಯಾಗುತ್ತದೆ. ಎಲ್ಲೋ ಒಂದು ಕಡೆ ಬಿಸಿ ಏರುತ್ತದೆ. 80ರಿಂದ 120 ಡಿಗ್ರಿಯೊಳಗೆ ಋಣಧ್ರುವದ ಗ್ರಾಫೈಟನ್ನು ಕಾಯುತ್ತಿದ್ದ ತೆಳುಪೊರೆ ಕೆಟ್ಟುಹೋಗಿ, ಗ್ರಾಫೈಟಿನಲ್ಲಿರುವ ಲಿಥಿಯಂ ನೇರವಾಗಿ ದ್ರವದ ಮೇಲೆ ಬೀಳುತ್ತದೆ. 130ರ ಹೊತ್ತಿಗೆ ಎರಡು ಧ್ರುವಗಳ ನಡುವಿನ ಪಾಲಿಎಥಿಲೀನ್ ಪರದೆ ಕರಗತೊಡಗುತ್ತದೆ. ಪರದೆ ಹರಿದರೆ ಧ್ರುವಗಳೆರಡೂ ಮುಟ್ಟಿಕೊಳ್ಳುತ್ತವೆ. 200 ಡಿಗ್ರಿಯ ಸುತ್ತಮುತ್ತ ಧನಧ್ರುವದ ಆಕ್ಸೈಡ್ ತನ್ನ ಆಮ್ಲಜನಕವನ್ನೇ ಬಿಟ್ಟುಕೊಡುತ್ತದೆ. ಉರಿಯುವ ದ್ರವ, ಉರಿಸುವ ಆಮ್ಲಜನಕ, ಹೊತ್ತಿಸುವ ಶಾಖ ಮೂರೂ ಒಂದೇ ಡಬ್ಬಿಯಲ್ಲಿ ಸೇರಿದ ಮೇಲೆ ಹೊರಗಿನ ಗಾಳಿ ಕಡಿದರೂ ಬೆಂಕಿ ಆರುವುದಿಲ್ಲ. ಒಂದು ಕೋಶದ ಶಾಖ ಪಕ್ಕದ ಕೋಶಕ್ಕೆ ದಾಟುತ್ತದೆ, ಅಲ್ಲಿಂದ ಮುಂದಿನದಕ್ಕೆ. ಈಚೆಗೆ ಹೆಚ್ಚು ಬಳಕೆಗೆ ಬಂದಿರುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಧನಧ್ರುವ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಅಪಾಯ ಎಷ್ಟೋ ಕಡಿಮೆಯಾಗಿದೆ. ಆದರೆ ಅದರೊಳಗಿನ ದ್ರವವೂ ಇದೇ ಜಾತಿಯದು.

ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ರೈಲು ಹಳಿ ಹೋಗುತ್ತದೆ. ಆ ಹಳಿಯ ಆಚೆ ತುದಿಯಲ್ಲಿ 2022ರ ಸೆಪ್ಟೆಂಬರ್ 12ರ ರಾತ್ರಿ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯೊಂದರಲ್ಲಿ ಬೆಂಕಿ ಎದ್ದು, ಅದರ ಹೊಗೆ ಮೇಲಿನ ಅಂತಸ್ತುಗಳ ಹೋಟೆಲಿಗೆ ನುಗ್ಗಿ ಎಂಟು ಮಂದಿ ಸತ್ತರು. ಆ ವರ್ಷದ ಬೇಸಿಗೆಯಿಂದಲೇ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದಿದ್ದವು. ಕೇಂದ್ರ ಸರ್ಕಾರ ಬ್ಯಾಟರಿಗಳ ಸುರಕ್ಷತಾ ಮಾನದಂಡವಾದ ಎಐಎಸ್ 156ನ್ನು ಬಿಗಿಗೊಳಿಸಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಲ್ಲಿ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಕೋಶಗಳ ನಡುವೆ ಅಂತರ, ಶಾಖ ಅಳೆಯುವ ಸಂವೇದಕ, ಮುನ್ನೆಚ್ಚರಿಕೆಯ ವ್ಯವಸ್ಥೆ ಇವೆಲ್ಲ ಒಳ್ಳೆಯವೇ, ಬೇಕಾದವೇ. ಇವೆಲ್ಲ ಬೆಂಕಿಯ ಸುತ್ತ ಕಟ್ಟಿದ ಬೇಲಿ. ಉರಿಯುವ ವಸ್ತುವನ್ನೇ ತೆಗೆದುಹಾಕಿ, ಅದರ ಜಾಗದಲ್ಲಿ ಉರಿಯದ ಕಲ್ಲನ್ನು ಇಡಬಹುದೇ ಎಂಬುದು ಈ ಅಧ್ಯಾಯದ ವಿಷಯ.

ಕಾಗಿಣಾ ನದಿಯ ಆಚೀಚೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ. ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಕಾರ್ಖಾನೆಗಳ ನೆರಳಲ್ಲಿ ಬೆಳೆದವರಿಗೆ ಪುಡಿ, ಕಿಲ್ನ್, ಕ್ಲಿಂಕರ್ ಎಂಬ ಮಾತುಗಳು ದಿನಬಳಕೆಯವು. ಶಹಾಬಾದಿನ ಖಣಿಗಳಲ್ಲಿ ದುಡಿದವರಿಗೆ ಕಲ್ಲು ಎಲ್ಲಿ ಬಿರಿಯುತ್ತದೆ, ಯಾಕೆ ಬಿರಿಯುತ್ತದೆ ಎಂಬುದು ಕೈಗೇ ಗೊತ್ತು. ದ್ರವದ ಬದಲಿಗೆ ಇಡುವ ಈ ಕಲ್ಲಿನ, ಅಂದರೆ ಘನ ವಿದ್ಯುದ್ವಿಭಾಜ್ಯದ, ವಿಜ್ಞಾನದಲ್ಲಿ ತಿಣುಕಾಡಬೇಕಾದ ಜಾಗಗಳು ಇವೇ: ಪುಡಿಯನ್ನು ಸುಡುವುದು ಮತ್ತು ಬಿರುಕನ್ನು ತಡೆಯುವುದು.

ಮೊದಲು ಮೂಲಪ್ರಶ್ನೆ. ಬ್ಯಾಟರಿಯಲ್ಲಿ ದ್ರವದ ಕೆಲಸ ಧ್ರುವದಿಂದ ಧ್ರುವಕ್ಕೆ ಲಿಥಿಯಂ ಅಯಾನುಗಳನ್ನು ದಾಟಿಸುವುದು; ಕಲ್ಲೂ ಅದನ್ನೇ ಮಾಡಬೇಕು. ಗಟ್ಟಿ ವಸ್ತುವಿನೊಳಗೆ ಅಯಾನು ನಡೆಯುವುದು ಹೇಗೆ? ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನು ಓಡುವುದು ನಮಗೆ ಅಚ್ಚರಿಯೆನಿಸದು. ಅಯಾನು ಎಂದರೆ ವಿದ್ಯುದಂಶ ಹೊತ್ತ ಇಡೀ ಪರಮಾಣು. ಎಲೆಕ್ಟ್ರಾನಿಗಿಂತ ಸಾವಿರಾರು ಪಟ್ಟು ಭಾರದ್ದು. ಅದು ಕಲ್ಲಿನ ಒಂದು ಮೈಯಿಂದ ಹೊಕ್ಕು ಇನ್ನೊಂದು ಮೈಯಲ್ಲಿ ಹೊರಬರಬೇಕು, ಕಲ್ಲು ಮಾತ್ರ ಇದ್ದ ಹಾಗೇ ಇರಬೇಕು. ಇದು ಸಾಧ್ಯವೆಂದು ಮೊದಲು ಕಂಡವನು ಮೈಕೆಲ್ ಫ್ಯಾರಡೆ. 1830ರ ದಶಕದಲ್ಲಿ ಬೆಳ್ಳಿಯ ಸಲ್ಫೈಡ್ ಮತ್ತು ಸೀಸದ ಫ್ಲೋರೈಡನ್ನು ಕಾಯಿಸಿದಾಗ ಅವು ಕರಗುವ ಮೊದಲೇ ವಿದ್ಯುತ್ತನ್ನು ಹರಿಯಗೊಡುವುದನ್ನು ಆತ ದಾಖಲಿಸಿದ. 1914ರಲ್ಲಿ ಟುಬಾಂಟ್ ಮತ್ತು ಲೊರೆಂಟ್ಸ್ ಎಂಬ ಜರ್ಮನ್ ರಸಾಯನವಿಜ್ಞಾನಿಗಳು ಬೆಳ್ಳಿಯ ಅಯೊಡೈಡ್ 147 ಡಿಗ್ರಿ ದಾಟಿದ ಕ್ಷಣ ಅದರ ವಾಹಕತೆ ಸಾವಿರಾರು ಪಟ್ಟು ಜಿಗಿಯುವುದನ್ನು ಅಳೆದರು. ಅಯೊಡಿನ್ ಪರಮಾಣುಗಳು ತಮ್ಮ ಸಾಲಿನಲ್ಲೇ ನಿಂತಿರುತ್ತವೆ. ಬೆಳ್ಳಿಯ ಅಯಾನುಗಳು ಅವುಗಳ ನಡುವೆ ಹೆಚ್ಚುಕಡಿಮೆ ದ್ರವದಷ್ಟೇ ಸಲೀಸಾಗಿ ಅಡ್ಡಾಡುತ್ತವೆ.

ಒಳಗೆ ನಡೆಯುವುದು ಇಷ್ಟು. ಹರಳಿನಲ್ಲಿ ಪರಮಾಣುಗಳು ಸಾಲುಗಟ್ಟಿ ಕೂತಿರುತ್ತವೆ. ಲಿಥಿಯಂ ಕೂರಬಹುದಾದ ಜಾಗಗಳು ಅದರಲ್ಲಿರುವ ಲಿಥಿಯಂಗಿಂತ ಹೆಚ್ಚಿದ್ದರೆ ಕೆಲವು ಖಾಲಿ ಉಳಿಯುತ್ತವೆ. ಶಾಖದಿಂದ ಪ್ರತಿ ಲಿಥಿಯಂ ತನ್ನ ಜಾಗದಲ್ಲೇ ಸೆಕೆಂಡಿಗೆ ಲಕ್ಷ ಕೋಟಿಗೂ ಮೀರಿ ಅದುರುತ್ತಿರುತ್ತದೆ. ಪಕ್ಕದ ಖಾಲಿ ಜಾಗಕ್ಕೆ ಹೋಗಬೇಕಾದರೆ ಆಮ್ಲಜನಕದ ಅಯಾನುಗಳ ನಡುವಿನ ಇಕ್ಕಟ್ಟಿನ ಕಂಡಿಯಲ್ಲಿ ನುಸುಳಬೇಕು. ಅಷ್ಟೊಂದು ಅದುರಾಟದಲ್ಲಿ ಎಲ್ಲೋ ಒಂದಕ್ಕೆ ನುಸುಳುವಷ್ಟು ಬಲ ಬರುತ್ತದೆ. ಕಂಡಿ ಅಗಲವಿದ್ದಷ್ಟೂ, ಖಾಲಿ ಜಾಗ ಹೆಚ್ಚಿದ್ದಷ್ಟೂ, ಬಿಸಿ ಏರಿದಷ್ಟೂ ನುಸುಳಾಟ ಹೆಚ್ಚು. ಹೊರಗಿನಿಂದ ವೋಲ್ಟೇಜ್ ಕೊಟ್ಟರೆ ಈ ಗೊತ್ತುಗುರಿಯಿಲ್ಲದ ನೆಗೆತಗಳು ಒಂದೇ ದಿಕ್ಕಿಗೆ ತುಸು ವಾಲುತ್ತವೆ. ಅದೇ ವಿದ್ಯುತ್ ಪ್ರವಾಹ. ಸೋಡಿಯಂ ಅಯಾನುಗಳು ಇಂಥ ಹರಳುಗಳಲ್ಲಿ ಹೇಗೆ ನೆಗೆಯುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಯಶೋನಾಥ್ ಮತ್ತು ಪಿ. ಪದ್ಮಕುಮಾರ್ ಕಂಪ್ಯೂಟರಿನಲ್ಲಿ ಪರಮಾಣು ಪರಮಾಣುವನ್ನೂ ಹಿಂಬಾಲಿಸಿ ತೋರಿಸಿದ್ದಾರೆ. ಅವರು 2006ರಲ್ಲಿ ಬರೆದ ಸಮೀಕ್ಷಾ ಲೇಖನ ಈ ವಿಷಯಕ್ಕೆ ಕಾಲಿಡುವವರಿಗೆ ಇವತ್ತಿಗೂ ಒಳ್ಳೆಯ ಹೆಬ್ಬಾಗಿಲು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಕಟ್ಟಿದ ಘನಸ್ಥಿತಿ ಮತ್ತು ರಚನಾ ರಸಾಯನವಿಜ್ಞಾನ ವಿಭಾಗವಿದೆ. ಲಿಥಿಯಂ ಬ್ಯಾಟರಿಯ ಜಗತ್ತು ಇಂದು ಹೆಚ್ಚು ಭರವಸೆ ಇಟ್ಟಿರುವ ಕಲ್ಲುಗಳಲ್ಲಿ ಒಂದರ ವಂಶಾವಳಿ ಆ ಕಟ್ಟಡಕ್ಕೆ ಬಂದು ಮುಟ್ಟುತ್ತದೆ. ಅಲ್ಲಿನ ಜೆ. ಗೋಪಾಲಕೃಷ್ಣನ್ ಆಕ್ಸೈಡ್ ಹರಳುಗಳನ್ನು ಬೇಕಾದಂತೆ ಕಟ್ಟುವ ವಿದ್ಯೆಯಲ್ಲಿ ದೊಡ್ಡ ಹೆಸರು. ಅವರ ಕೈಕೆಳಗೆ ಪಿಎಚ್‌ಡಿ ಮುಗಿಸಿದ ವೆಂಕಟರಾಮನ್ ತಂಗದುರೈ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ವರ್ನರ್ ವೆಪ್ನರ್ ಅವರ ಪ್ರಯೋಗಾಲಯಕ್ಕೆ ಹೋದರು. 2003ರಲ್ಲಿ ಅವರಿಬ್ಬರೂ ಸಹೋದ್ಯೋಗಿಗಳೊಂದಿಗೆ ಗಾರ್ನೆಟ್ ರತ್ನದ ವಿನ್ಯಾಸವಿರುವ, ಆದರೆ ಲಿಥಿಯಂ ತುಂಬಿದ ಹರಳುಗಳು ಅಯಾನುಗಳನ್ನು ಚೆನ್ನಾಗಿ ಹರಿಯಗೊಡುತ್ತವೆ ಎಂದು ಪ್ರಕಟಿಸಿದರು. ನಾಲ್ಕು ವರ್ಷ ಕಳೆದು, 2007ರಲ್ಲಿ, ಪುದುಚೇರಿಯಿಂದ ಹೋಗಿದ್ದ ರಾಮಸ್ವಾಮಿ ಮುರುಗನ್ ಅವರನ್ನೂ ಒಳಗೊಂಡು ಬಂದ ಹರಳು ಲಿಥಿಯಂ, ಲ್ಯಾಂಥನಂ, ಜಿರ್ಕೋನಿಯಂಗಳ ಆಕ್ಸೈಡ್. ಪ್ರಯೋಗಾಲಯಗಳಲ್ಲಿ ಅದನ್ನು ಎಲ್‌ಎಲ್‌ಝಡ್‌ಒ ಎನ್ನುತ್ತಾರೆ. ನಾವು ಗಾರ್ನೆಟ್ ಎಂದೇ ಕರೆಯೋಣ. ಕೋಣೆಯ ಉಷ್ಣತೆಯಲ್ಲಿ ಅದರ ವಾಹಕತೆ ಸೆಂಟಿಮೀಟರಿಗೆ 0.3 ಮಿಲಿಸೀಮೆನ್ಸ್. ದ್ರವದ್ದು ಸುಮಾರು 10. ಮೂವತ್ತು ಪಟ್ಟು ಹಿಂದೆ, ನಿಜ. ಆದರೆ ಈ ಕಲ್ಲು ಉರಿಯದು, ಸೋರದು, ಲಿಥಿಯಂ ಲೋಹವನ್ನು ನೇರವಾಗಿ ಮುಟ್ಟಿಸಿದರೂ ಹೆಚ್ಚುಕಡಿಮೆ ಕೆಡದು.

ಆ ಕೊನೆಯ ಗುಣಕ್ಕೆ ಇಷ್ಟು ಬೆಲೆ ಏಕೆಂದರೆ, ಇಂದಿನ ಬ್ಯಾಟರಿಯ ಋಣಧ್ರುವದಲ್ಲಿರುವ ಗ್ರಾಫೈಟ್ ಗ್ರಾಮಿಗೆ 372 ಮಿಲಿಆಂಪಿಯರ್ ಗಂಟೆಯಷ್ಟು ವಿದ್ಯುತ್ತನ್ನು ಹಿಡಿದರೆ ಬರಿಯ ಲಿಥಿಯಂ ಲೋಹ 3860ರಷ್ಟು ಹಿಡಿಯುತ್ತದೆ. ದ್ರವದಲ್ಲಿ ಲಿಥಿಯಂ ಲೋಹವನ್ನು ಬಳಸಲು ಹೋದವರೆಲ್ಲ ಕೈಸುಟ್ಟುಕೊಂಡಿದ್ದಾರೆ. ಕೆನಡಾದ ಮೋಲಿ ಎನರ್ಜಿ ಕಂಪನಿ 1989ರಲ್ಲಿ ಅಂಥ ಬ್ಯಾಟರಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಚಾರ್ಜ್ ಆಗುವಾಗ ಲಿಥಿಯಂ ಸಮನಾಗಿ ಹಾಸಿಕೊಳ್ಳದೆ ಮುಳ್ಳುಮುಳ್ಳಾಗಿ ಬೆಳೆದು, ಪರದೆಯನ್ನು ತೂರಿ, ಆಚೆಯ ಧ್ರುವವನ್ನು ಮುಟ್ಟುತ್ತದೆ. ಈ ಮುಳ್ಳುಗಳಿಗೆ ಡೆಂಡ್ರೈಟ್ ಎಂದು ಹೆಸರು. 1991ರಲ್ಲಿ ಸೋನಿ ಕಂಪನಿ ಲೋಹವನ್ನು ಬಿಟ್ಟು ಇಂಗಾಲವನ್ನು ಹಿಡಿದದ್ದರಿಂದಲೇ ಇಂದಿನ ಲಿಥಿಯಂ ಅಯಾನ್ ಬ್ಯಾಟರಿ ಅಂಗಡಿಗೆ ಬಂತು.

ಗಾರ್ನೆಟ್ ತಯಾರಿಕೆಯನ್ನು ಕೊಂಚ ಹತ್ತಿರದಿಂದ ನೋಡೋಣ, ಸಿಮೆಂಟ್ ಊರಿನವರಿಗೆ ಅದು ಬೇಗ ಹತ್ತುತ್ತದೆ. ಲಿಥಿಯಂ ಕಾರ್ಬೊನೇಟ್ ಅಥವಾ ಹೈಡ್ರಾಕ್ಸೈಡ್, ಲ್ಯಾಂಥನಂ ಆಕ್ಸೈಡ್, ಜಿರ್ಕೋನಿಯಂ ಆಕ್ಸೈಡ್ ಪುಡಿಗಳನ್ನು ತೂಗಿ, ನುಣ್ಣಗೆ ಅರೆದು, ಸುಮಾರು 900 ಡಿಗ್ರಿಯಲ್ಲಿ ಒಮ್ಮೆ ಸುಡುತ್ತಾರೆ. ಕಿಲ್ನಿಗೆ ಹೋಗುವ ಸುಣ್ಣಕಲ್ಲು ತನ್ನ ಇಂಗಾಲಾಮ್ಲವನ್ನು ಬಿಡುವುದೂ ಹೆಚ್ಚುಕಡಿಮೆ ಇದೇ ಶಾಖದಲ್ಲಿ. ಬಂದ ಪುಡಿಯನ್ನು ಮತ್ತೆ ಅರೆದು, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ, 1100ರಿಂದ 1200 ಡಿಗ್ರಿಯಲ್ಲಿ ಎರಡನೆಯ ಸಲ ಸುಡುತ್ತಾರೆ. ಕಣಕ್ಕೆ ಕಣ ಬೆಸೆದುಕೊಂಡು ನಡುವಿನ ರಂಧ್ರಗಳು ಮುಚ್ಚಬೇಕು. ಅಷ್ಟು ಬಿಸಿಗೆ ಲಿಥಿಯಂ ಆವಿಯಾಗಿ ಹಾರಿಹೋಗುತ್ತದೆ. ಅದನ್ನು ತುಂಬಿಕೊಡಲು ಮೊದಲೇ ನೂರಕ್ಕೆ ಹತ್ತರಷ್ಟು ಲಿಥಿಯಂ ಹೆಚ್ಚಿಗೆ ಹಾಕುವುದುಂಟು, ಬಿಲ್ಲೆಯನ್ನು ಅದೇ ಪುಡಿಯೊಳಗೆ ಹೂತು ಸುಡುವುದೂ ಉಂಟು.

ಈ ಹರಳಿಗೆ ಎರಡು ರೂಪ. ಬಿಸಿಯಲ್ಲಿ ಸಿಗುವ ಘನಾಕಾರದ ರೂಪ ಒಳ್ಳೆಯ ವಾಹಕ. ತಣ್ಣಗಾದಾಗ ಅದು ಚತುಷ್ಕೋನೀಯ ರೂಪಕ್ಕೆ ತಿರುಗಿ, ಲಿಥಿಯಂಗಳೆಲ್ಲ ತಂತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತುಬಿಡುತ್ತವೆ, ವಾಹಕತೆ ನೂರು ಪಟ್ಟು ಬೀಳುತ್ತದೆ. ಮೊದಮೊದಲು ಘನಾಕಾರದ ರೂಪ ಸಿಕ್ಕವರಿಗೆ ಅದು ತಣ್ಣಗಾದ ಮೇಲೂ ಹೇಗೆ ಉಳಿಯಿತು ಎಂಬುದೇ ಒಗಟಾಗಿತ್ತು. ಆಮೇಲೆ ತಿಳಿಯಿತು: ಸುಡುವಾಗ ಪುಡಿಯನ್ನು ಇಟ್ಟಿದ್ದ ಅಲ್ಯೂಮಿನಾ ಮೂಸೆಯಿಂದ ಚೂರು ಅಲ್ಯೂಮಿನಿಯಂ ಹರಳಿನೊಳಗೆ ಸೇರಿಕೊಂಡಿತ್ತು. ಒಂದು ಅಲ್ಯೂಮಿನಿಯಂ ಅಯಾನು ಹೊತ್ತಿರುವ ವಿದ್ಯುದಂಶ ಮೂರು ಲಿಥಿಯಂಗೆ ಸಮ. ಅದು ಒಂದು ಜಾಗದಲ್ಲಿ ಕೂತರೆ ಮೂರು ಲಿಥಿಯಂ ಹೊರಬೀಳುತ್ತವೆ, ಎರಡು ಜಾಗ ಖಾಲಿಯಾಗುತ್ತವೆ. ಆ ಖಾಲಿ ಜಾಗಗಳೇ ಅಚ್ಚುಕಟ್ಟನ್ನು ಕೆಡಿಸಿ ಘನಾಕಾರದ ರೂಪವನ್ನು ಉಳಿಸುತ್ತವೆ, ನಡೆಯಲು ದಾರಿಯನ್ನೂ ಕೊಡುತ್ತವೆ. ವಾಡಿಯ ಕ್ಲಿಂಕರಿನಲ್ಲೂ ಇದೇ ಬಗೆಯ ರಸಾಯನ ನಡೆಯುತ್ತದೆ. ಸಿಮೆಂಟಿಗೆ ಬೇಗ ಬಲ ಕೊಡುವ ಏಲೈಟ್ ಎಂಬ ಖನಿಜ ಸುಮಾರು 1250 ಡಿಗ್ರಿಯ ಮೇಲೆ ಮಾತ್ರ ನೆಲೆಯಾಗಿ ನಿಲ್ಲುವಂಥದು. ಮೆಗ್ನೀಸಿಯಂ, ಅಲ್ಯೂಮಿನಿಯಂಗಳ ಚಿಟಿಕೆ ಬೆರಕೆ ಮತ್ತು ಕೂಲರಿನಲ್ಲಿ ತಟ್ಟನೆ ಆರಿಸುವುದು, ಇವೆರಡೂ ಸೇರಿ ಅದನ್ನು ಕೋಣೆಯ ಉಷ್ಣತೆಯವರೆಗೆ ಉಳಿಸಿಕೊಂಡು ಬರುತ್ತವೆ. ಬಿಸಿಯ ರೂಪವನ್ನು ತಣ್ಣಗೆ ಹಿಡಿದಿಡುವ ವಿದ್ಯೆ ಈ ಸೀಮೆಯಲ್ಲಿ ದಿನವೂ ಟನ್ನುಗಟ್ಟಲೆ ನಡೆಯುತ್ತಿದೆ ಎಂಬುದು ನನಗೆ ಬಹಳ ಹೆಮ್ಮೆಯ ಮಾತು.

ಗಾರ್ನೆಟ್ಟಿನ ಇನ್ನೊಂದು ಚಾಳಿಯೂ ಸಿಮೆಂಟಿನವರಿಗೆ ಹೊಸದಲ್ಲ. ತೇವದ ಗಾಳಿಗೆ ಇಟ್ಟರೆ ಅದರ ಮೈಮೇಲಿನ ಲಿಥಿಯಂ ನೀರಿನೊಡನೆ ಸೇರಿ ಹೈಡ್ರಾಕ್ಸೈಡಾಗಿ, ಆಮೇಲೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಾರ್ಬೊನೇಟಾಗುತ್ತದೆ. ಸುಣ್ಣದ ಗೋಡೆ ಗಟ್ಟಿಯಾಗುವುದೂ ಇದೇ ದಾರಿಯಲ್ಲಿ. ಗೋಡೆಗೆ ಅದು ಒಳ್ಳೆಯದು, ಬ್ಯಾಟರಿಗೆ ಕೆಟ್ಟದ್ದು. ಕಾರ್ಬೊನೇಟಿನ ಆ ತೆಳು ಪದರದ ಮೇಲೆ ಕರಗಿದ ಲಿಥಿಯಂ ಹರಡಿಕೊಳ್ಳದೆ ಕಮಲದೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಲ್ಲುತ್ತದೆ. ಮೈಯನ್ನು ಉಜ್ಜಿ, ಅಥವಾ ಆರ್ಗಾನಿನಲ್ಲಿ ಕಾಯಿಸಿ ಆ ಪದರ ತೆಗೆದರೆ ಮಾತ್ರ ಲೋಹ ಮೈಗೆ ಹತ್ತುತ್ತದೆ.

ಘನ ವಿದ್ಯುದ್ವಿಭಾಜ್ಯಗಳ ಬೇರೆ ಕುಲಗಳ ಮಾತು ಸ್ವಲ್ಪದರಲ್ಲಿ ಮುಗಿಸುತ್ತೇನೆ. 2011ರಲ್ಲಿ ಜಪಾನಿನ ರ್ಯೋಜಿ ಕನ್ನೊ ಮತ್ತು ಸಂಗಡಿಗರು ಜರ್ಮೇನಿಯಂ, ರಂಜಕ, ಗಂಧಕಗಳ ಹರಳೊಂದರಲ್ಲಿ 12 ಮಿಲಿಸೀಮೆನ್ಸ್ ವಾಹಕತೆ ಕಂಡರು; ದ್ರವಕ್ಕೆ ಸರಿಗಟ್ಟಿದ ಮೊದಲ ಲಿಥಿಯಂ ಕಲ್ಲು ಅದು. ಗಂಧಕದ ಈ ಹರಳುಗಳು ಮೆತ್ತಗಿದ್ದು, ಸುಡದೆ ಒತ್ತಿದರೂ ಬೆಸೆದುಕೊಳ್ಳುತ್ತವೆ. ಕಾರು ಕಂಪನಿಗಳು ಇವುಗಳ ಬೆನ್ನು ಹತ್ತಿರುವುದು ಅದಕ್ಕೇ. ತೇವ ತಾಗಿದರೆ ಮಾತ್ರ ಕೊಳೆತ ಮೊಟ್ಟೆಯ ವಾಸನೆಯ, ವಿಷದ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ. ಮೂರನೆಯದು ಪ್ಲಾಸ್ಟಿಕ್ಕಿನ ಕುಲ. ಪಾಲಿಎಥಿಲೀನ್ ಆಕ್ಸೈಡಿನಲ್ಲಿ ಲಿಥಿಯಂ ಲವಣ ಬೆರೆಸಿದ ಬ್ಯಾಟರಿಗಳು 2011ರಿಂದ 2018ರವರೆಗೆ ಪ್ಯಾರಿಸ್ಸಿನ ಬಾಡಿಗೆ ಕಾರುಗಳಲ್ಲಿ ಓಡಿದವು. ಅವು ಕೆಲಸ ಮಾಡಲು 60ರಿಂದ 80 ಡಿಗ್ರಿ ಬಿಸಿ ಬೇಕು. ಅದೇ ಬಗೆಯ ಬ್ಯಾಟರಿಯ ಎರಡು ಬಸ್ಸುಗಳು 2022ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಹೊತ್ತಿ ಉರಿದವು. ನಗರ ಸಾರಿಗೆ ಸಂಸ್ಥೆ ಅಂಥ 149 ಬಸ್ಸುಗಳನ್ನು ರಸ್ತೆಯಿಂದ ತೆಗೆಯಿತು. ಘನ ಎಂಬ ಹಣೆಪಟ್ಟಿ ಹಚ್ಚಿದ ಮಾತ್ರಕ್ಕೆ ಬೆಂಕಿ ದೂರವಾಗದು ಎಂಬುದನ್ನು ಜಾಹೀರಾತು ಓದುವ ಪ್ರತಿಯೊಬ್ಬರೂ ನೆನಪಿಡಬೇಕು. ಪ್ಲಾಸ್ಟಿಕ್ ಉರಿಯುತ್ತದೆ. ಲಿಥಿಯಂ ಲೋಹ 180 ಡಿಗ್ರಿಯಲ್ಲಿ ಕರಗುತ್ತದೆ, ಕರಗಿದ್ದು ಗಾಳಿಗೆ ಬಿದ್ದರೆ ಅದೂ ಉರಿಯುತ್ತದೆ. ಎಷ್ಟೋ ಘನ ಬ್ಯಾಟರಿಗಳಲ್ಲಿ ಧನಧ್ರುವದ ಕಣಗಳಿಗೆ ಸಂಪರ್ಕ ಸಿಗಲೆಂದು ಸ್ವಲ್ಪ ದ್ರವವನ್ನೋ ಜೆಲ್ಲನ್ನೋ ಹಾಕಿರುತ್ತಾರೆ. ಹಾಗಾಗಿ ಕೇಳಬೇಕಾದದ್ದು ಯಾವ ಘನ, ಅದರೊಡನೆ ಇನ್ನೇನು, ಎಷ್ಟು ಎಂದು.

ಮತ್ತೆ ಗಾರ್ನೆಟ್ಟಿಗೆ ಬರುತ್ತೇನೆ. ನನ್ನ ಆಸಕ್ತಿಯೆಲ್ಲ ಇರುವುದು ಈ ಕಲ್ಲು ಮತ್ತು ಲೋಹ ಕೂಡುವ ಜಾಗದಲ್ಲಿ.

ಅಮೆರಿಕದ ಚಾರ್ಲ್ಸ್ ಮನ್ರೋ ಮತ್ತು ಜಾನ್ ನ್ಯೂಮನ್ 2005ರಲ್ಲಿ ಒಂದು ಲೆಕ್ಕ ಹಾಕಿದ್ದರು. ನಡುವಿನ ವಸ್ತುವಿನ ಬಿಗುವು ಲಿಥಿಯಂನ ಎರಡು ಪಟ್ಟಿದ್ದರೆ ಸಾಕು, ಡೆಂಡ್ರೈಟ್ ಅದರೊಳಗೆ ನುಗ್ಗಲಾರದು. ಲಿಥಿಯಂ ಚಾಕುವಿನಿಂದ ಕೊಯ್ಯಬಹುದಾದಷ್ಟು ಮೆದು. ಗಾರ್ನೆಟ್ಟಿನ ಬಿಗುವು ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಆ ಲೆಕ್ಕದ ಪ್ರಕಾರ ಎಲ್ಲವೂ ಸುಸೂತ್ರವಾಗಬೇಕಿತ್ತು. ಪ್ರಯೋಗದಲ್ಲಿ ಪ್ರವಾಹವನ್ನು ಸ್ವಲ್ಪ ಏರಿಸಿದ್ದೇ ತಡ, ಬಿಲ್ಲೆಯ ಉದ್ದಕ್ಕೂ ಕಪ್ಪು ಗೆರೆಗಳು ಮೂಡಿ ಕೋಶ ಶಾರ್ಟ್ ಆಗುತ್ತಿತ್ತು. ಮೆತ್ತನೆಯ ಲೋಹ ಗಟ್ಟಿ ಕಲ್ಲನ್ನು ಸೀಳುತ್ತಿತ್ತು. 2017ರಲ್ಲಿ ವಿಜ್ಞಾನಿ ಯೆಟ್-ಮಿಂಗ್ ಚಿಯಾಂಗ್ ಅವರ ತಂಡ ಕಾರಣ ತೋರಿಸಿತು: ಮೈಮೇಲಿನ ಕಣ್ಣಿಗೆ ಕಾಣದ ಒಂದು ಗೀರಿನೊಳಗೆ ಲಿಥಿಯಂ ತುಂಬಿಕೊಳ್ಳುತ್ತದೆ, ಇನ್ನಷ್ಟು ಲಿಥಿಯಂ ಹಿಂದಿನಿಂದ ಒತ್ತುತ್ತದೆ, ಗೀರಿನ ತುದಿ ಬಿರಿಯುತ್ತದೆ. ಕಲ್ಲಿಗೆ ಬಿಗುವು ಬೇಕಾದಷ್ಟಿದೆ. ಬಿರುಕನ್ನು ತಡೆದುಕೊಳ್ಳುವ ತಾಳಿಕೆ ಇಲ್ಲ.

ಆದರೆ ಒತ್ತಡ ಆ ಒಂದೇ ಜಾಗದಲ್ಲಿ ಕೂಡುವುದೇಕೆ? ಶಹಾಬಾದ್ ಕಲ್ಲಿನ ನೆಲ ಹಾಸುವ ಗೌಂಡಿಯ ಕೆಲಸವನ್ನು ಗಮನಿಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಆತ ಮಾಲು ಹರಡಿ, ಫರಸಿ ಕೂರಿಸಿ, ಕರಣಿಯ ಹಿಡಿಕೆಯಿಂದ ಮೂಲೆಮೂಲೆಗೂ ತಟ್ಟುತ್ತಾನೆ. ಸದ್ದು ಗಟ್ಟಿಯಾಗಿ ಬಂದರೆ ಮುಂದಿನ ಕಲ್ಲಿಗೆ ಹೋಗುತ್ತಾನೆ. ಡಬ್ ಎಂದರೆ ಎತ್ತಿ ತೆಗೆದು ಮತ್ತೆ ಮಾಲು ತುಂಬುತ್ತಾನೆ. "ಕೆಳಗ ಟೊಳ್ಳದ್ರಿ, ಭಾರ ಬಿದ್ದರ ಒಡೀತದ" ಎಂಬುದು ಅವನ ವಿವರಣೆ. ಒಂದೂವರೆ ಇಂಚಿನ ಕಲ್ಲು ಕ್ವಿಂಟಲುಗಟ್ಟಲೆ ತೊಗರಿ ಚೀಲಗಳನ್ನು ಹೊರುತ್ತದೆ. ಅಂಗೈಯಗಲದ ಟೊಳ್ಳಿನ ಅಂಚಿನಲ್ಲಿ ಅದೇ ಕಲ್ಲು ಸೀಳುತ್ತದೆ. ಭಾರವೆಲ್ಲ ಟೊಳ್ಳಿನ ಅಂಚಿಗೇ ಬಂದು ಕೂಡುವುದು ಅದಕ್ಕೆ ಕಾರಣ.

ಗಾರ್ನೆಟ್ಟಿನ ಕಥೆಯೂ ಹೀಗೇ. ಬ್ಯಾಟರಿ ಬಳಸುವಾಗ ಲಿಥಿಯಂ ಲೋಹದ ಮೈಯಿಂದ ಪರಮಾಣುಗಳು ಒಂದೊಂದಾಗಿ ಎಲೆಕ್ಟ್ರಾನು ಬಿಟ್ಟು ಅಯಾನಾಗಿ ಕಲ್ಲಿನೊಳಗೆ ಇಳಿಯುತ್ತವೆ. ಚದರ ಸೆಂಟಿಮೀಟರಿಗೆ 3 ಮಿಲಿಆಂಪಿಯರ್ ಗಂಟೆಯ ಸಾಧಾರಣ ಕೋಶದಲ್ಲಿ ಒಂದು ಸಲ ಖಾಲಿಯಾಗುವಷ್ಟರಲ್ಲಿ ಸುಮಾರು 15 ಮೈಕ್ರಾನ್ ದಪ್ಪದ ಲೋಹ ಸವೆದುಹೋಗುತ್ತದೆ. ಪ್ರತಿ ಪರಮಾಣು ಹೋದ ಕಡೆ ಒಂದು ತೆರವು. ನಿಧಾನವಾಗಿ ಬಳಸಿದರೆ ಆ ತೆರವುಗಳು ಲೋಹದ ಒಡಲಿಗೆ ಸರಿದು ಹಂಚಿಹೋಗುತ್ತವೆ. ಗಾಡಿಯ ಆಕ್ಸಲರೇಟರ್ ಜೋರಾಗಿ ತಿರುವಿದರೆ ತೆರವುಗಳು ಸರಿಯುವುದಕ್ಕಿಂತ ಬೇಗ ಹುಟ್ಟುತ್ತವೆ, ಒಂದಕ್ಕೊಂದು ಕೂಡಿಕೊಂಡು ಕಲ್ಲು ಮತ್ತು ಲೋಹದ ನಡುವೆ ಟೊಳ್ಳಾಗುತ್ತವೆ. ಮತ್ತೆ ಚಾರ್ಜಿಗೆ ಹಚ್ಚಿದಾಗ ಅಯಾನುಗಳಿಗೆ ಇಳಿಯಲು ಟೊಳ್ಳಿನಲ್ಲಿ ಜಾಗವಿಲ್ಲ. ಎಲ್ಲವೂ ಅದರ ಅಂಚಿಗೆ ನುಗ್ಗುತ್ತವೆ.

ಎಷ್ಟು ನುಗ್ಗುತ್ತವೆ ಎಂಬುದನ್ನು ತೋರಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ಘನಸ್ಥಿತಿ ವಿಭಾಗ. ನಾಗಫಣಿ ಏಟುಕೂರಿ, ವಿಕಲ್ಪ್ ರಾಜ್ ಮತ್ತು ಸಂಗಡಿಗರು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವೆಂಕಟ್ ವಿಶ್ವನಾಥನ್ ಅವರ ತಂಡದೊಡನೆ, 2022ರಲ್ಲಿ ನೇಚರ್ ಮಟೀರಿಯಲ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಅದು. ಟೊಳ್ಳುಗಳ ಅಂಚಿನಲ್ಲಿ ಪ್ರವಾಹದ ಸಾಂದ್ರತೆ ಕೋಶದ ಸರಾಸರಿಗಿಂತ ಸುಮಾರು 10,000 ಪಟ್ಟು ಏರುತ್ತದೆ ಎಂದು ಅವರು ಕಂಡರು. ಡೆಂಡ್ರೈಟ್ ಹುಟ್ಟುವುದು ಅಲ್ಲಿ. ಚಾರ್ಜ್ ಮಾಡುವಾಗ ಕಾಣಿಸಿಕೊಳ್ಳುವ ರೋಗದ ಬೀಜ ಅದಕ್ಕಿಂತ ಮೊದಲೇ, ಬ್ಯಾಟರಿ ಬಳಸುವಾಗಲೇ ಬಿದ್ದಿರುತ್ತದೆ.

ಅವರು ಕಂಡುಕೊಂಡ ಮದ್ದು ಇನ್ನೂ ಕುತೂಹಲದ್ದು. ಲೋಹ ಮತ್ತು ಕಲ್ಲಿನ ನಡುವೆ ತೆಳುಪದರ ಹಾಕುವ ರೂಢಿ ಮೊದಲೂ ಇತ್ತು. ಚಿನ್ನ, ಸಿಲಿಕಾನ್, ಅಲ್ಯೂಮಿನಿಯಂ ಹೀಗೆ ಲಿಥಿಯಂ ಜೊತೆ ಬೆರೆಯುವ ವಸ್ತುಗಳನ್ನೇ ಹಾಕುತ್ತಿದ್ದರು. ಬೆರೆತರೆ ಅಂಟು ಚೆನ್ನಾಗಿರುತ್ತದೆ ಎಂಬುದು ತರ್ಕ. ಬೆಂಗಳೂರಿನವರು ಟಂಗ್ಸ್ಟನ್‌ನಂಥ, ಲಿಥಿಯಂ ಜೊತೆ ಬೆರೆಯದ, ಬಹಳ ಶಾಖ ತಾಳುವ ಲೋಹವನ್ನು ಆರಿಸಿಕೊಂಡರು. ಹಳೆಯ ಬಲ್ಬುಗಳ ತಂತಿಯಾಗಿದ್ದ ಅದೇ ಟಂಗ್ಸ್ಟನ್. ಆ ಪದರವಿದ್ದಾಗ ಟೊಳ್ಳು ಬೆಳೆಯುವುದು ತಡವಾಗುತ್ತದೆ, ಕೋಶ ಹೆಚ್ಚು ಪ್ರವಾಹ ತಾಳುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಕಾರ್ನೆಗಿ ಮೆಲನ್ನಿನ ಗಣನೆಗಳೂ ಅದನ್ನೇ ಹೇಳಿದವು. ಬೆರೆಯದ ಪದರ ಬೆರೆಯುವುದಕ್ಕಿಂತ ಚೆನ್ನಾಗಿ ಕಾಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಸುಮ್ಮನೆ ಬಂದ ಮಾತಲ್ಲ.

ಟೊಳ್ಳು ಮುಚ್ಚಲು ಇನ್ನೊಂದು ದಾರಿ ಒತ್ತುವುದು. ಮೆತ್ತನೆಯ ಲಿಥಿಯಂ ಒತ್ತಡಕ್ಕೆ ಹರಿದು ಖಾಲಿ ಜಾಗ ತುಂಬುತ್ತದೆ. ಪ್ರಯೋಗಾಲಯಗಳಲ್ಲಿ 5 ಮೆಗಾಪಾಸ್ಕಲ್ ಒತ್ತಡ ಹಾಕುವುದು ಮಾಮೂಲು. ಕೇಳಲು ಸಣ್ಣದೆನಿಸುತ್ತದೆ. ಹತ್ತು ಸೆಂಟಿಮೀಟರ್ ಚೌಕದ ಒಂದು ಕೋಶದ ಮೇಲೆ ಅದು ಸುಮಾರು 5 ಟನ್ ಭಾರ. ಸ್ಕೂಟರಿನ ಸೀಟಿನಡಿ ಅಷ್ಟು ಬಿಗಿಯುವ ಉಕ್ಕಿನ ಚೌಕಟ್ಟು ಇಟ್ಟರೆ ಲಿಥಿಯಂ ಲೋಹದಿಂದ ಉಳಿಸಿದ ತೂಕವೆಲ್ಲ ಅದಕ್ಕೇ ಹೋಗುತ್ತದೆ. ಹಾಗಾಗಿ ಹೊಸ ಬ್ಯಾಟರಿಯ ಸುದ್ದಿ ಬಂದಾಗ ಎಷ್ಟು ಸಲ ಚಾರ್ಜ್ ಆಯಿತು ಎಂಬುದರ ಜೊತೆಗೆ ಎಷ್ಟು ಒತ್ತಡದಲ್ಲಿ, ಎಷ್ಟು ಉಷ್ಣತೆಯಲ್ಲಿ ಎಂದು ನೋಡಬೇಕು.

ಉಷ್ಣತೆಯ ವಿಷಯದಲ್ಲಿ ನಮ್ಮ ಬಿಸಿಲು ಸೀಮೆಗೆ ಒಂದು ಒಳ್ಳೆಯ ಸುದ್ದಿಯಿದೆ. ದ್ರವದ ಕೋಶ ಬಿಸಿಲಲ್ಲಿ ಬೇಗ ಮುಪ್ಪಾಗುತ್ತದೆ, ಅದರ ಪೊರೆ, ಲವಣ ಎಲ್ಲವೂ ಕೆಡುತ್ತವೆ. ಗಾರ್ನೆಟ್ಟಿನಲ್ಲಿ ಲಿಥಿಯಂ ನೆಗೆಯಲು ಬೇಕಾದ ಶಕ್ತಿ ಸುಮಾರು 0.3 ಎಲೆಕ್ಟ್ರಾನ್ ವೋಲ್ಟ್. ಲೆಕ್ಕ ಹಾಕಿದರೆ 25 ಡಿಗ್ರಿಯಿಂದ 45ಕ್ಕೆ ಏರಿದಾಗ ಅದರ ವಾಹಕತೆ ಎರಡು ಪಟ್ಟಾಗುತ್ತದೆ. ಲಿಥಿಯಂ ಲೋಹವೂ ಬಿಸಿಗೆ ಮೆದುವಾಗಿ ಟೊಳ್ಳುಗಳನ್ನು ಬೇಗ ತುಂಬುತ್ತದೆ. ಯುರೋಪಿನ ಚಳಿಗಾಲದಲ್ಲಿ ತೂಕಡಿಸುವ ಕಲ್ಲು ಚಿಂಚೋಳಿಯ ಮೇ ತಿಂಗಳಲ್ಲಿ ಚುರುಕಾಗುತ್ತದೆ. ನಮ್ಮ ಹವೆಗೆ ಒಗ್ಗುವ ಬ್ಯಾಟರಿಯನ್ನು ನಮ್ಮ ದೇಶದ ಪ್ರಯೋಗಾಲಯಗಳೇ 45 ಡಿಗ್ರಿಯಲ್ಲಿ ಪರೀಕ್ಷಿಸಿ ರೂಪಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಉಳಿದಿರುವುದು ದಪ್ಪದ ಪ್ರಶ್ನೆ. ಪ್ರಯೋಗಾಲಯದ ಬಿಲ್ಲೆ ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪ. 0.3 ಮಿಲಿಸೀಮೆನ್ಸ್ ವಾಹಕತೆಯ ಅಂಥ ಬಿಲ್ಲೆಯ ಮೂಲಕ ಚದರ ಸೆಂಟಿಮೀಟರಿಗೆ 3 ಮಿಲಿಆಂಪಿಯರ್ ಹರಿಸಿದರೆ ಕಲ್ಲಿನಲ್ಲೇ ಒಂದು ವೋಲ್ಟ್ ನಷ್ಟ. ನಾಲ್ಕು ವೋಲ್ಟಿನ ಕೋಶಕ್ಕೆ ಅದು ಕಾಲು ಪಾಲು. 20 ಮೈಕ್ರಾನಿಗೆ ಇಳಿಸಿದರೆ ನಷ್ಟ 0.02 ವೋಲ್ಟ್, ಗಣನೆಗೇ ಬಾರದಷ್ಟು. ಅಷ್ಟು ತೆಳುವಾದ ಹಾಳೆಯನ್ನು ಸುಡುವಾಗ ಲಿಥಿಯಂ ಇನ್ನೂ ಬೇಗ ಹಾರಿಹೋಗುತ್ತದೆ, ಹಾಳೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. 2020ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹು ಅವರ ತಂಡ ಇಂಗಾಲದ ಎರಡು ಪಟ್ಟಿಗಳ ನಡುವೆ ಹಸಿ ಬಿಲ್ಲೆಯನ್ನಿಟ್ಟು, ಪಟ್ಟಿಗಳನ್ನು ವಿದ್ಯುತ್ತಿನಿಂದ ಕಾಯಿಸಿ ಗಾರ್ನೆಟ್ಟನ್ನು 10 ಸೆಕೆಂಡಿನಲ್ಲಿ ಸುಟ್ಟು ತೆಗೆಯಿತು. ಲಿಥಿಯಂಗೆ ಹಾರಿಹೋಗಲು ಸಮಯವೇ ಸಿಗಲಿಲ್ಲ. ಬಿಲ್ಲೆಯಿಂದ ಅಂಗೈಯಗಲದ ಹಾಳೆಗೆ, ಹಾಳೆಯಿಂದ ದಿನಕ್ಕೆ ಸಾವಿರಾರು ಹಾಳೆಗೆ ಹೋಗಬೇಕಾದರೆ ಬೇಕಾಗುವುದು ಭಟ್ಟಿಯ ಶಾಖವನ್ನು ಪ್ರತಿ ನಿಮಿಷ ಹತೋಟಿಯಲ್ಲಿಡುವ ವಿದ್ಯೆ. ಗಂಟೆಗಂಟೆಗೂ ಕ್ಲಿಂಕರಿನ ಮಾದರಿ ತೆಗೆದು, ಅದರಲ್ಲಿ ಉಳಿದ ಬಿಡಿ ಸುಣ್ಣವನ್ನು ಅಳೆದು, ಕಿಲ್ನಿನ ಉರಿಯನ್ನು ಹೆಚ್ಚುಕಡಿಮೆ ಮಾಡುವವರು ಸೇಡಂ, ವಾಡಿಗಳಲ್ಲಿ ಮೂರು ಪಾಳಿಯಲ್ಲೂ ಕೆಲಸದಲ್ಲಿದ್ದಾರೆ. ಅವರ ಮಕ್ಕಳು ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾರೆ. ಸಣ್ಣದೊಂದು ಭಟ್ಟಿ, ಆರ್ಗಾನ್ ತುಂಬಿದ ಗಾಜಿನ ಪೆಟ್ಟಿಗೆ ಮತ್ತು ಅಯಾನು ವಾಹಕತೆ ಅಳೆಯುವ ಉಪಕರಣ ಇದ್ದರೆ ಗಾರ್ನೆಟ್ಟಿನ ಮೊದಲ ಬಿಲ್ಲೆಯನ್ನು ಅಲ್ಲೇ ಸುಡಬಹುದು.